ಎರಡನೆಯ ಲೋಟ

"ಗುರುಗಳೇ, ಬಸುರಿಯಾಗಿದ್ದಾಗ ಸಾರಾಯಿ ಕುಡಿದು ಹೊಟ್ಟೆಯ ಕೂಸನ್ನೇ ಕೆಡಿಸಿದ ಹೆಂಗಸಿಗೆ ಯಾವ ಪ್ರಾಯಶ್ಚಿತ್ತ ವಿಧಿಸಬೇಕು?" ಎಂದು ಶಿಷ್ಯ ಕೇಳಿದ. ಅಂಥವಳೊಬ್ಬಳು ಮಾತು ಬಾರದ ನಾಲ್ಕು ವರ್ಷದ ಮಗನೊಂದಿಗೆ ಮಠದ ಬಾಗಿಲಲ್ಲಿ ಕೂತಿದ್ದಳು. ಅವಳನ್ನು ಒಳಗೆ ಬಿಡಲು ಶಿಷ್ಯನಿಗೆ ಮನಸ್ಸಿರಲಿಲ್ಲ.

ಗುರುಗಳಿಗೆ ಸಿಟ್ಟು ನೆತ್ತಿಗೇರಿತು. "ವಿಧಿಸುವುದು ಆಮೇಲೆ. ಮೊದಲು ಕೂತು ಕೇಳು" ಎಂದರು.

ಒಬ್ಬ ಸುಣ್ಣದ ವ್ಯಾಪಾರಿ ಇದ್ದ. ಸುಣ್ಣದ ಕಲ್ಲು ಸುಡುವ ಅವನ ಭಟ್ಟಿಯಲ್ಲಿ ಮಧ್ಯಾಹ್ನ ಬೆಂದ ಕಲ್ಲು ತೆಗೆಯುವ ಮೊದಲು ಪ್ರತಿ ಆಳಿಗೂ ಒಂದು ಲೋಟ ಸಾರಾಯಿ ಕೊಡುವ ಪದ್ಧತಿ. ಗಂಟಲಿಗೆ ಹೋದ ಸುಣ್ಣದ ಧೂಳನ್ನು ಸಾರಾಯಿ ತೊಳೆಯುತ್ತದೆ ಎಂದು ಅವನು ಹೇಳಿದ್ದ. ಆಳುಗಳು ನಂಬಿದ್ದರು. ಕುಡಿದವರಿಗೆ ಕೈ ಸುಟ್ಟದ್ದೂ ತಿಳಿಯುತ್ತಿರಲಿಲ್ಲ, ಹೊತ್ತು ಇಳಿದದ್ದೂ ತಿಳಿಯುತ್ತಿರಲಿಲ್ಲ. ವ್ಯಾಪಾರಿಗೆ ಬೇಕಾಗಿದ್ದುದು ಅಷ್ಟೇ.

ಆಳುಗಳಲ್ಲಿ ಒಬ್ಬಳು ಹುಲಿಗೆವ್ವ. ಅವಳು ಬಸುರಿಯಾದಾಗ ವ್ಯಾಪಾರಿ ತಾನೇ ಎದ್ದು ಬಂದು ಎರಡನೆಯ ಲೋಟ ಸುರಿದ. ಹೊಟ್ಟೆಯಲ್ಲಿರುವ ಜೀವಕ್ಕೂ ಧೂಳು ತಾಗಬಾರದಲ್ಲ ಎಂದ. ಎಂಥ ದೊಡ್ಡ ಮನಸ್ಸು ಎಂದು ಆಳುಗಳೆಲ್ಲ ಹೊಗಳಿದರು. ಹುಲಿಗೆವ್ವನಿಗೆ ವಾಕರಿಕೆ ಬರುತ್ತಿತ್ತು. ಆದರೂ ಕೂಸು ಚೆನ್ನಾಗಿರಲಿ ಎಂದು ಮೂಗು ಹಿಡಿದು ಎರಡೂ ಲೋಟ ಕುಡಿದಳು. ಹೀಗೆ ಎಂಟು ತಿಂಗಳು ತುಂಬಿದವು.

ಒಂದು ದಿನ ವ್ಯಾಪಾರಿಯ ಮಗಳು ಭಟ್ಟಿ ನೋಡಲು ಬಂದಳು. ಅವಳೂ ಬಸುರಿ. ಗಾಳಿಗೆ ಧೂಳೆದ್ದು ಅವಳು ಕೆಮ್ಮತೊಡಗಿದಳು. ಹುಲಿಗೆವ್ವನ ಕರುಳು ಚುರುಕ್ ಎಂದಿತು. ಓಡಿಬಂದು ತನ್ನ ಲೋಟವನ್ನೇ ಅವಳ ಬಾಯಿಗೆ ಹಿಡಿದಳು. ವ್ಯಾಪಾರಿ ಹಾರಿಬಂದು ಲೋಟವನ್ನು ತಟ್ಟಿ ಕೆಡವಿದ.

"ಬುದ್ಧಿ ಐತೇನ ನಿನಗ? ಬಸುರಿಗೆ ಇದನ್ನ ಕುಡಸ್ತಾರೇನ? ಕೂಸು ಕೆಟ್ಟು ಹೋಗ್ತೈತಿ!"

ಹುಲಿಗೆವ್ವ ಕೆಳಗೆ ಬಿದ್ದ ಲೋಟವನ್ನು ನೋಡಿದಳು. "ಹಂಗಾರ ನನ್ನ ಹೊಟ್ಯಾಗ ಇರೋದು ಕೂಸಲ್ಲೇನ್ರಿ, ಧಣಿ?" ಎಂದು ಕೇಳಿದಳು.

ವ್ಯಾಪಾರಿ ಮಗಳನ್ನು ಗಾಡಿ ಹತ್ತಿಸಿದ. ಅಂದಿನಿಂದ ಹುಲಿಗೆವ್ವ ಒಂದು ತೊಟ್ಟೂ ಮುಟ್ಟಲಿಲ್ಲ. ಆದರೆ ಹುಟ್ಟಿದ ಕೂಸು ಅಂಗೈಯಷ್ಟಿತ್ತು. ಮೊಲೆ ಚೀಪಲೂ ಅದಕ್ಕೆ ಶಕ್ತಿ ಇರಲಿಲ್ಲ. ವರ್ಷಗಳು ಕಳೆದರೂ ನಾಲಿಗೆ ಹೊರಳಲಿಲ್ಲ. ಕುಡುಕಿ ಹೆತ್ತರೆ ಇನ್ನೇನಾದೀತು ಎಂದು ಊರೆಲ್ಲ ಆಡಿಕೊಂಡಿತು. ಆ ಮಾತನ್ನು ಮೊದಲು ಹಬ್ಬಿಸಿದವನು ಅದೇ ವ್ಯಾಪಾರಿ. ನಾಚಿಕೆಗೆಟ್ಟವನು!

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಾಗಿಲ ಕಡೆ ನೋಡಿದ. "ಆದರೂ ಗುರುಗಳೇ, ಕುಡಿದವಳು ಅವಳೇ ಅಲ್ಲವೇ?" ಎಂದ.

"ಹೌದು, ತಿಳಿಯದೆ ಕುಡಿದವಳು ಬಾಗಿಲಲ್ಲಿ ಕೂತಿದ್ದಾಳೆ, ತಿಳಿದೂ ಕುಡಿಸಿದವನಿಗೆ, ಮಠದ ಗೋಡೆಗೆ ಸುಣ್ಣ ಕೊಟ್ಟನೆಂದು, ನಿನ್ನೆ ನಾನೂ ನೀನೂ ಸೇರಿ ಶಾಲು ಹೊದಿಸಿದೆವು."