ಬೇಲಿಯೊಳಗಿನ ಸನ್ಮಾನ

ಹೊಸಕೆರೆ ಬಡಾವಣೆಯಲ್ಲಿ ಹೊಂಬಾಳಮ್ಮ ಎಂಬ ತಾಯಿಯೂ ಚನ್ನಂಜಪ್ಪ ಎಂಬ ಮಗನೂ ಇದ್ದರು. ಇದ್ದದ್ದು ನಿಜ, ಮುಂದಿನದನ್ನು ಬಡಾವಣೆಯವರು ಹೇಳಿದಂತೆ ಹೇಳುತ್ತೇನೆ.

ಮಗ ಕಚೇರಿಯೊಂದರಲ್ಲಿ ಜವಾನನಾಗಿದ್ದು ಆಗಷ್ಟೇ ನಿವೃತ್ತನಾಗಿದ್ದ. ಸಾಹೇಬರು ನಿಲ್ಲೆಂದರೆ ನಿಂತ, ತಾ ಎಂದರೆ ತಂದ. ಯೋಚಿಸುವ ಕೆಲಸ ಅವನ ಪಾಲಿಗೆ ಬಂದಿರಲೇ ಇಲ್ಲ. ಹಾಲಿಗೆ ಬೆಕ್ಕು ಬಾಯಿ ಹಾಕದಂತೆ ಕಾಯಿ ಎಂದು ತಾಯಿ ಹೇಳಿದರೆ, ಹಾಲು ಉಕ್ಕಿ ಒಲೆಯೆಲ್ಲ ಬೆಳ್ಳಗಾದರೂ ಬೆಕ್ಕನ್ನೇ ಕಾಯುತ್ತಿದ್ದ.

“ಅಯ್ಯೋ ಶಿವನೇ, ಅರವತ್ತಾದರೂ ಇವನಿಗೆ ಬುದ್ಧಿ ಬರಲಿಲ್ಲವಲ್ಲ!” ಎಂದು ತಾಯಿ ಹಣೆ ಚಚ್ಚಿಕೊಳ್ಳುತ್ತಿದ್ದ ಹೊತ್ತಿಗೆ, ಹಿರಿಯ ನಾಗರಿಕರ ಸಂಘದ ಕಾರ್ಯದರ್ಶಿ ಬೋರಲಿಂಗಯ್ಯ ಬಂದರು.

“ಹೊಂಬಾಳಮ್ನೋರೆ, ಸಂಘದಲ್ಲಿ ಎಲ್ಲರಿಗಿಂತ ಹಿರೀಕರು ನೀವೇ. ಭಾನುವಾರ ನಿಮಗೆ ಸನ್ಮಾನ! ಆದರೆ ಮನೆಯಿಂದ ಒಬ್ಬರು ವಾರವೆಲ್ಲ ಸೇವೆಗೆ ಬರಬೇಕು, ಹೆಸರು ಕೆಡಿಸಬಾರದು.”

ಹೊಂಬಾಳಮ್ಮ ಜನ್ಮದಲ್ಲಿ ವೇದಿಕೆ ಹತ್ತಿದವಳಲ್ಲ. ಶಾಲು! ಹಾರ! ಹಣ್ಣಿನ ಬುಟ್ಟಿ! “ಹೋಗ್ಲಾ ಮಗನೇ, ಹೋಗು!” ಎಂದು ಅವನನ್ನು ಬಾಗಿಲಾಚೆ ನೂಕಿಯೇಬಿಟ್ಟಳು.

ಸೋಮವಾರ ಪಾರ್ಕಿನಲ್ಲಿ ನಗೆಕೂಟ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಚನ್ನಂಜಪ್ಪ ಸಾಹೇಬರ ಬಾಗಿಲಲ್ಲಿ ನಿಂತಂತೆ ಕೈಕಟ್ಟಿ ನಿಂತ.

“ನಗ್ರೀ!” ಎಂದರು ಬೋರಲಿಂಗಯ್ಯ.

“ಯಾಕೆ ಸ್ವಾಮಿ?”

ಸುದ್ದಿ ಕೇಳಿದ ತಾಯಿ ಬೈದಳು. “ದಡ್ಡ ಮುಂಡೇದೇ! ನಾಕು ಜನ ಸೇರಿದ ಕಡೆ ಎರಡು ಕೈ ಎತ್ತಿ ಜೋರಾಗಿ ನಗಬೇಕು ಕಣ್ಲಾ!”

“ಆಗಲಿ ಕಣವ್ವ!”

ಮಂಗಳವಾರ ಸಂಘದ ಸದಸ್ಯರೊಬ್ಬರು ತೀರಿಕೊಂಡರು. ಅಂಗಳದಲ್ಲಿ ನಾಲ್ಕಲ್ಲ, ನಲವತ್ತು ಜನ! ಚನ್ನಂಜಪ್ಪ ಎರಡು ಕೈ ಎತ್ತಿದ. ಹಹ್ಹಹ್ಹಾ! ಹೊಹ್ಹೊಹ್ಹೋ! ಹೊರಡುವಾಗ, “ಹೋಗಿ ಬರ್ತೀನಿ!” ಎಂದೂ ಕೂಗಿದ. ಮನೆಯವರು ದೊಣ್ಣೆ ಹುಡುಕಿದರು.

“ಸಾವಿನ ಮನೇಲಿ ಹಂಗಂತಾರೇನ್ಲಾ!” ಎಂದು ತಾಯಿ ಬೈದಳು. “ಬಾಗಿಲಲ್ಲಿ ತಲೆ ತಗ್ಗಿಸಿ ಕೂತು, ಟವಲಿನಿಂದ ಕಣ್ಣೊರೆಸಿ, ‘ಋಣ ಇದ್ದದ್ದು ಇಷ್ಟೇ’ ಅನ್ನಬೇಕು. ಹೇಳದೆ ಎದ್ದು ಬರಬೇಕು.”

“ಆಗಲಿ ಕಣವ್ವ!”

ಗುರುವಾರ ರಕ್ತದಾನ ಶಿಬಿರ. ಅಂಗಿಯ ತೋಳು ಮಡಚಿಕೊಂಡು ಯುವಕರು ಉತ್ಸಾಹದಿಂದ ಬಂದರು. ಬಾಗಿಲಲ್ಲಿ ಚನ್ನಂಜಪ್ಪ! ತಲೆ ತಗ್ಗಿದೆ, ಟವಲು ಕಣ್ಣಿನ ಮೇಲಿದೆ. ಒಬ್ಬೊಬ್ಬರನ್ನೂ ನೋಡಿ, “ಋಣ ಇದ್ದದ್ದು ಇಷ್ಟೇ!” ಎಂದು ಬಿಕ್ಕಿದ. ತೋಳು ಇಳಿಸಿಕೊಂಡು ಅವರು ಓಡಿದರು. ಇವನು ಹೇಳದೆ ಎದ್ದು ಬಂದ.

“ಇನ್ನೊಂದು ತಪ್ಪಾದರೆ ಶಾಲೂ ಇಲ್ಲ, ಹಾರವೂ ಇಲ್ಲ!” ಬೋರಲಿಂಗಯ್ಯ ಮನೆಗೇ ಬಂದು ಗುಡುಗಿದರು.

ಹೊಂಬಾಳಮ್ಮ ಕಣ್ಣೀರು ಹಾಕಿದಳು. “ಧೈರ್ಯ ಹೇಳಬೇಕಿತ್ತಲ್ಲೋ! ಬಂದವರನ್ನ ಕೈಹಿಡಿದು ಮಲಗಿಸಿ, ಹಣ್ಣಿನ ರಸ ಕುಡಿಸಿ, ಅರ್ಧ ಗಂಟೆ ಏಳೋಕೆ ಬಿಡಬಾರದು. ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನಬೇಕು!”

“ಆಗಲಿ ಕಣವ್ವ!”

ಶುಕ್ರವಾರ ಸಸಿ ನೆಡುವ ಕಾರ್ಯಕ್ರಮ. ಮುಖ್ಯ ಅತಿಥಿಗಳಾದ ನಿವೃತ್ತ ನ್ಯಾಯಾಧೀಶರು ಕಾರಿನಿಂದ ಇಳಿದದ್ದೇ ತಡ, ಚನ್ನಂಜಪ್ಪ ಕೈಹಿಡಿದು ಕರೆತಂದು ಕಲ್ಲುಬೆಂಚಿನ ಮೇಲೆ ಮಲಗಿಸಿದ.

“ಏನ್ರೀ ಇದು!”

“ಧೈರ್ಯವಾಗಿರಿ ಸ್ವಾಮಿ! ಏಳಬೇಡಿ!”

ಮೋಸಂಬಿ ರಸ ಕುಡಿಸಿದ. ಎದೆಯ ಮೇಲೆ ಅಂಗೈ ಊರಿ ಕುಳಿತ. ಮರದ ನೆರಳು, ತಣ್ಣನೆಯ ಗಾಳಿ. ನ್ಯಾಯಾಧೀಶರು ಗೊರಕೆ ಹೊಡೆದರು! ಎಚ್ಚರವಾದಾಗ ಬೋರಲಿಂಗಯ್ಯ ನಡುಗುತ್ತಿದ್ದರು, ಅತಿಥಿಗಳು ಮಾತ್ರ ನಗುತ್ತಿದ್ದರು. “ಇಂಥ ನಿದ್ದೆ ಬಂದು ಎಷ್ಟು ಕಾಲವಾಗಿತ್ತಯ್ಯ! ಭಾನುವಾರ ನಿನ್ನ ತಾಯಿಗೆ ಸನ್ಮಾನವಂತಲ್ಲ, ನಾನೇ ಬಂದು ಶಾಲು ಹೊದಿಸುತ್ತೇನೆ!”

ಸಸಿಗಳು ಮಾತ್ರ ಬಿಸಿಲಿಗೆ ಬಾಡಿದ್ದವು. ತಾಯಿಗೆ ಹಿಗ್ಗು, ಜೊತೆಗೇ ಸಿಟ್ಟು. “ಅಲ್ಲಿ ಮಾಡಬೇಕಾದ್ದು ಸಸಿಯ ಸೇವೆ ಕಣ್ಲಾ! ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ನೀರು ಹೊಯ್ದು, ಸುತ್ತ ಬೇಲಿ ಬಿಗಿಯಬೇಕು. ಬೇರು ಬಿಡೋವರೆಗೂ ಯಾರೇ ಹೇಳಲಿ, ಬೇಲಿ ಬಿಚ್ಚಬಾರದು!”

“ಆಗಲಿ ಕಣವ್ವ!”

ಭಾನುವಾರ ಬಂತು. ಹೊಂಬಾಳಮ್ಮ ಹೊಸ ಸೀರೆಯುಟ್ಟು ವೇದಿಕೆ ಹತ್ತಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಚನ್ನಂಜಪ್ಪ ಬಂದ. ತಾಯಿಯ ಭುಜ ಹಿಡಿದು ನೆಟ್ಟಗೆ ನಿಲ್ಲಿಸಿದ. ಪಾದಕ್ಕೆ ಒಂದು ಕೊಡ ನೀರು ಹೊಯ್ದ. ಗಿಡಕ್ಕೆ ಹಾಕುವ ಎರಡು ಹೋಳಿನ ಕಬ್ಬಿಣದ ಬೇಲಿಯನ್ನು ಅವಳ ಸುತ್ತ ಕೂಡಿಸಿ ಬೋಲ್ಟು ಬಿಗಿದ!

“ಏನ್ಲಾ ಇದು!” ತಾಯಿ ಸರಳು ಹಿಡಿದು ಕೂಗಿದಳು.

“ಸೇವೆ ಕಣವ್ವ!”

ಸಭೆ ಬಿದ್ದು ಬಿದ್ದು ನಕ್ಕಿತು. ನ್ಯಾಯಾಧೀಶರು ಶಾಲನ್ನು ಸರಳಿನ ಸಂದಿಯಲ್ಲಿ ತೂರಿಸಿದರು. ಹೊಂಬಾಳಮ್ಮ ಅದನ್ನು ತಾನೇ ಹೊದ್ದುಕೊಂಡು, ಅಂಚು ಸವರಿ ನೋಡಿದಳು. ಬಯ್ಯಲು ತೆರೆದ ಬಾಯಿ ನಗುವಿನಲ್ಲಿ ಮುಚ್ಚಿತು.

“ಆಯ್ತು, ಇನ್ನು ಬಿಚ್ಚಪ್ಪ.”

ಚನ್ನಂಜಪ್ಪ ಮಂಡಿಯೂರಿ ತಾಯಿಯ ಪಾದಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದ. ತಲೆಯಲ್ಲಾಡಿಸಿದ.

“ಇನ್ನೂ ಬೇರು ಬಿಟ್ಟಿಲ್ಲ ಕಣವ್ವ!”

ಖಾಲಿ ಕೊಡ ಎತ್ತಿಕೊಂಡು ನಲ್ಲಿಯತ್ತ ಓಡಿದ. “ಹೋಗಿ ಬರ್ತೀನಿ!” ಎನ್ನುವುದನ್ನು ಮಾತ್ರ ಈ ಸಲ ಮರೆಯಲಿಲ್ಲ.