ಅರವತ್ತು ಪೆಟ್ಟುಗಳಲ್ಲಿ ಮೂರು

ತಿಪ್ಪೇಸ್ವಾಮಿಯ ಕೆಲಸ ಕಬ್ಬಿಣಕ್ಕೆ ಪೆಟ್ಟು ಕೊಡುವುದು. ಸುತ್ತಿಗೆಯಿಲ್ಲ, ಕುಲುಮೆಯಿಲ್ಲ, ಎಲ್ಲವೂ ಕಂಪ್ಯೂಟರಿನೊಳಗೆ. ಅಣುವಿದ್ಯುತ್ ಸ್ಥಾವರದ ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳು ಲೋಹಕ್ಕೆ ಬಡಿದು ಬಡಿದು, ಸಾಲಾಗಿ ಕೂತ ಪರಮಾಣುಗಳನ್ನು ಜಾಗ ಬಿಡಿಸಿ ಓಡಿಸುತ್ತವೆ. ಬಹಳಷ್ಟು ಮರಳಿ ಬಂದು ಕೂರುತ್ತವೆ. ಬಾರದವುಗಳ ಜಾಗ ಖಾಲಿ ಉಳಿದು, ವರ್ಷ ಕಳೆದಂತೆ ಲೋಹ ಪೆಡಸಾಗಿ, ಒಂದು ದಿನ ಬಿರುಕು ಬಿಡುತ್ತದೆ. ಅದನ್ನು ಕಣ್ಣಾರೆ ಕಾದು ನೋಡಲು ಅರ್ಧ ಆಯಸ್ಸು ಬೇಕು. ಹಾಗಾಗಿ ಅವನು ಕಂಪ್ಯೂಟರಿನಲ್ಲೇ ಲೋಹದ ಪುಟ್ಟ ಡಬ್ಬಿ ಕಟ್ಟಿ, ಅರವತ್ತು ಪೆಟ್ಟು ಕೊಟ್ಟು, ಖಾಲಿ ಜಾಗ ಎಣಿಸಿದ್ದ. ಸ್ಥಾವರಕ್ಕೆ ಹಾಕಬೇಕೆಂದಿದ್ದ ಹೊಸ ಲೋಹ ಇಪ್ಪತ್ತು ವರ್ಷ ಬಾಳುತ್ತದೆ ಎಂದು ಲೆಕ್ಕ ಬಂತು. ಸೋಮವಾರ ಸಮಿತಿಯ ಮುಂದೆ ವರದಿ ಇಟ್ಟರೆ ಡಾಕ್ಟರೇಟ್, ಜೂನ್‌ನಲ್ಲಿ ಕಾಲೇಜಿನ ಕೆಲಸ. ಆರು ವರ್ಷದ ಪಾಡು ಮುಗಿದಂತೆ.

ಶುಕ್ರವಾರ ವರದಿಗೆ ಚಿತ್ರ ಆರಿಸುವಾಗ ಅವನ ಕೈ ನಿಂತಿತು. ಆ ಡಬ್ಬಿಗೊಂದು ನಿಯಮವಿತ್ತು: ಎಡಗೋಡೆ ದಾಟಿದ್ದು ಬಲಗೋಡೆಯಿಂದ ಒಳಗೆ ಬರಬೇಕು. ಕೊನೆಯಿಲ್ಲದ ಲೋಹವನ್ನು ಡಬ್ಬಿಯಲ್ಲಿ ತೋರಿಸುವ ಉಪಾಯ ಅದು. ಮೂರು ಪೆಟ್ಟುಗಳಲ್ಲಿ ಮಾತ್ರ, ಓಡಿದ ಪರಮಾಣು ಒಂದು ಗೋಡೆ ದಾಟಿ, ಇನ್ನೊಂದು ಕಡೆಯಿಂದ ನುಗ್ಗಿ, ತಾನೇ ಕೆಡಿಸಿದ ಜಾಗವನ್ನು ಮತ್ತೆ ಕಲಕಿ ಖಾಲಿಗಳನ್ನು ತುಂಬಿಬಿಟ್ಟಿತ್ತು; ಎಣಿಕೆ ಸುಳ್ಳೇ ಕಡಿಮೆ ಬಂದಿತ್ತು. ಡಬ್ಬಿ ಸಾಲದಾಗಿತ್ತು. ಬೇಗ ಮುಗಿಯಲೆಂದು ಅದನ್ನು ಸಣ್ಣದು ಮಾಡಿದವನು ಅವನೇ.

ಪಕ್ಕದ ಮೇಜಿನ ಯಶೋಧರ ಇಣುಕಿದ. "ಮೂರು ತಾನೇ? ತೆಗೆದು ಬಿಸಾಕೋ. ಐವತ್ತೇಳು ಅಂತ ಬರಿ. ಸಮಿತಿಯವರು ಬಿಸ್ಕತ್ತು ಎಣಿಸ್ತಾರೆ, ಪೆಟ್ಟು ಎಣಿಸಲ್ಲ."

ತಿಪ್ಪೇಸ್ವಾಮಿ ನಕ್ಕ. ಅಳಿಸಲು ಮೂರನ್ನೂ ಗುರುತು ಹಾಕಿಕೊಂಡ. ಆಗ ಹೊಳೆಯಿತು. ಗೋಡೆ ದಾಟುವಷ್ಟು ದೂರ ಓಡಿದ್ದು ಇವು ಮೂರೇ. ಅಂದರೆ ಅರವತ್ತರಲ್ಲಿ ಅತಿ ಜೋರಾದ ಪೆಟ್ಟುಗಳು ಇವೇ. ಇವನ್ನು ಬಿಟ್ಟರೆ ಉಳಿಯುವುದು ಮೆತ್ತಗಿನವುಗಳ ಲೆಕ್ಕ. ರಿಯಾಕ್ಟರ್ ಏನು ನೋಡಿಕೊಂಡು ಮೆಲ್ಲಗೆ ಹೊಡೆಯುತ್ತದೆಯೇ?

ಗುರುಗಳಾದ ಫಿಲೋಮಿನಾ ಮೇಡಂ ಬಳಿ ಹೋಗಿ ಎಲ್ಲ ಹೇಳಿ, ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತ.

"ದೊಡ್ಡ ಡಬ್ಬಿಯಲ್ಲಿ ಮಾಡಿದರೆ ಎಷ್ಟು ದಿನ?" ಎಂದರು ಮೇಡಂ.

"ನಾಲ್ಕು ತಿಂಗಳು ಮೇಡಂ. ಕಾಲೇಜಿನ ಕೆಲಸ ಕೈ ತಪ್ಪುತ್ತೆ."

"ಹೌದು, ತಪ್ಪುತ್ತೆ." ಅವರು ಸುಳ್ಳು ಸಮಾಧಾನ ಹೇಳಲಿಲ್ಲ. "ಆ ಸಣ್ಣ ಡಬ್ಬಿಗೆ ಸರಿ ಅಂದವಳು ನಾನೂ ಅಲ್ವಾ? ಸಮಿತಿಗೆ ನಾನೇ ಫೋನ್ ಮಾಡ್ತೇನೆ. ನೀನು ಮೊದಲು ಊಟ ಮಾಡು ಮಾರಾಯ, ನಿನ್ನ ಮುಖ ನೋಡ್ಲಿಕ್ಕಾಗುದಿಲ್ಲ."

ಕೆಲಸ ಕೈ ತಪ್ಪಿತು. ನಾಲ್ಕು ತಿಂಗಳು ಐದಾಯಿತು. ಹೊಸ ಲೆಕ್ಕ ಹೇಳಿದ್ದು ಇಪ್ಪತ್ತಲ್ಲ, ಹದಿನಾಲ್ಕು ವರ್ಷ.

ಸಮಿತಿಯ ಮುಂದೆ ಆ ಅಂಕಿ ಹೇಳುವಾಗ ತಿಪ್ಪೇಸ್ವಾಮಿಯ ದನಿ ಇಳಿದುಹೋಯಿತು. "ಕ್ಷಮಿಸಿ, ಮೊದಲು ಇಪ್ಪತ್ತು ಅಂತ ಬಂದಿತ್ತು, ಈಗ ಅದಕ್ಕಿಂತ ಕಡಿಮೆ..."

ಸ್ಥಾವರದ ದುರಸ್ತಿ ನೋಡಿಕೊಳ್ಳುವ ಹಸನಬ್ಬರೂ ಸಮಿತಿಯಲ್ಲಿದ್ದರು; ಅವರು ಕುರ್ಚಿ ಮುಂದಕ್ಕೆಳೆದರು. "ಕ್ಷಮೆ ಯಾಕಪ್ಪ? ಇಪ್ಪತ್ತು ಅಂತ ನಂಬಿ, ಹದಿನೈದನೇ ವರ್ಷ ನಮ್ಮ ಹುಡುಗರು ಅದರ ಪಕ್ಕದಲ್ಲೇ ನಿಂತಿರ್ತಿದ್ರು. ಹದಿನಾಲ್ಕು ಅಂದ್ರೆ ನಾವು ಹನ್ನೆರಡಕ್ಕೇ ಬದಲಾಯಿಸ್ತೇವೆ. ಗೊತ್ತಿದ್ದರೆ ಕಷ್ಟ ಏನು?"

ನೀತಿ: ಲೆಕ್ಕಕ್ಕೆ ಒಗ್ಗದ್ದನ್ನು ಹೊರಗೆ ಹಾಕುವ ಮೊದಲು, ಅದೇಕೆ ಒಗ್ಗಲಿಲ್ಲ ಎಂದು ಕೇಳಿ. ನಮ್ಮ ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಅದನ್ನು ನಂಬಿದವರಿಗೆ.