ಗುಡಿಸಬಾರದ ತರಗೆಲೆ

ಬೆಟ್ಟದ ನೆತ್ತಿಯ ಕಾಡಿನಲ್ಲಿ, ಒಬ್ಬರು ಮಲಗಿದರೆ ಇನ್ನೊಬ್ಬರಿಗೆ ಜಾಗವಿಲ್ಲದಂಥ ಗವಿಯೊಳಗೆ ಪೂಜ್ಯ ಗವಿಯಜ್ಜಯ್ಯನವರು ವಾಸವಾಗಿದ್ದರು. ಅವರಿಗೆ ಜೊತೆ ಅಂತ ಇದ್ದದ್ದು ಒಂದು ಪುಟಾಣಿ ಹಕ್ಕಿ. ಗುಬ್ಬಿಯಷ್ಟು ಗಾತ್ರ, ಪೊದೆ ಬಿಟ್ಟು ಬಯಲಿಗೆ ಬಾರದು. ಬೆಳಗಿನ ಮಂಜಿನಲ್ಲಿ ಅದು ಹಾಡಿದ ಮೇಲೆಯೇ ಅಜ್ಜಯ್ಯನವರು ಲಿಂಗಪೂಜೆಗೆ ಕೂರುತ್ತಿದ್ದರು.

ಅಂಥಲ್ಲಿಗೆ ಹಾಲಮ್ಮ ಹತ್ತಿ ಬಂದಳು. ಅವಳ ಒಬ್ಬಳೇ ಮಗಳು ಗಂಗೆ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸು ಉಳಿದಿತ್ತು. ಅದನ್ನು ಮುಟ್ಟಲೂ ಒಲ್ಲದೆ, ಬೀಗಿತ್ತಿಯ ಕೈಲೇ ಬಿಟ್ಟು ಬಂದಿದ್ದಳು ಹಾಲಮ್ಮ. ಕೂಸಿನ ಮಾತನ್ನು ಅಜ್ಜಯ್ಯನವರ ಮುಂದೆ ಎತ್ತಲೇ ಇಲ್ಲ.

"ನನ್ನ ಮಗಳು ಎಲ್ಲಿದ್ದಾಳೆ, ಅಷ್ಟು ಹೇಳಿ ಬುದ್ಧಿ" ಎಂದಳು.

ಅಜ್ಜಯ್ಯನವರು ಪೊರಕೆ ಹಿಡಿದು ಅಂಗಳ ಗುಡಿಸತೊಡಗಿದರು. ಹಾಲಮ್ಮ ಗವಿಯ ಹೊರಗೆ, ಬಂಡೆಯ ಮರೆಯಲ್ಲೇ ಉಳಿದಳು. ಊರಲ್ಲಿ ತನಗಾಗಿ ಕಾಯುವವರು ಯಾರಿದ್ದಾರೆ?

"ಹಕ್ಕಿ ಹಕ್ಕಿ ಅಂತೀರಿ, ಒಂದು ದಿನವೂ ಕಣ್ಣಿಗೆ ಬೀಳಲಿಲ್ಲ. ಅದೂ ನಿಮ್ಮ ಶಿವನ ಹಾಗೇ!" ಎಂದು ಒಮ್ಮೆ ಚುಚ್ಚಿದಳು. ಅಜ್ಜಯ್ಯನವರು ನಕ್ಕರು.

ಅವರು ಗವಿಯ ಅಂಗಳ ಗುಡಿಸುತ್ತಿದ್ದರೇ ಹೊರತು, ಪಕ್ಕದ ಮರದ ಬುಡಕ್ಕೆ ಪೊರಕೆ ತಾಗಿಸುತ್ತಿರಲಿಲ್ಲ. ಪಾಪ, ಮುದುಕರಿಗೆ ಸೊಂಟ ಬಗ್ಗದು ಅಂದುಕೊಂಡ ಹಾಲಮ್ಮ, ಒಂದು ಸಂಜೆ ಅಲ್ಲಿನ ತರಗೆಲೆಯನ್ನೆಲ್ಲ ಗುಡಿಸಿ, ಗುಡ್ಡೆ ಹಾಕಿ ಸುಟ್ಟಳು.

ಮರುದಿನ ಮಂಜು ಕರಗಿ ಬಿಸಿಲು ಬಿದ್ದರೂ ಹಾಡು ಕೇಳಲಿಲ್ಲ. ಕಾಡು ಬಿಕೋ ಎನ್ನುತ್ತಿತ್ತು. ಅಜ್ಜಯ್ಯನವರು ಹೊದ್ದ ಕಾವಿಯಲ್ಲೇ ತರಗೆಲೆ ಗಂಟು ಕಟ್ಟಿಕೊಂಡು ಕೊರಕಲಿನಿಂದ ಏದುಸಿರು ಬಿಡುತ್ತ ಬಂದರು.

"ಅಯ್ಯೋ, ಆ ಕಸ ಯಾಕೆ ಹೊತ್ತು ತರ್ತೀರಿ?"

"ಎಲೆ ಕೆದಕಿ, ಹುಳ ಹೆಕ್ಕಿ ಬದುಕೋ ಜೀವ ಅದು ತಾಯಿ. ನಿನಗೆ ಕಸ, ಅದಕ್ಕೆ ತುತ್ತು."

ಗಂಟು ಬಿಚ್ಚಿ ಎಲೆ ಹರಡುತ್ತ, ತಲೆಯೆತ್ತದೆಯೇ ಕೇಳಿದರು: "ಮನೆಯಲ್ಲಿ ಏನನ್ನು ಗುಡಿಸಿ ಹಾಕಿ ಬಂದೆ?"

ಹಾಲಮ್ಮ ಪಕ್ಕದಲ್ಲಿ ಕೂತು, ಅಳುತ್ತಲೇ ಅವರೊಡನೆ ಎಲೆ ಹರಡಿದಳು. ಪಾದಕ್ಕೆರಗಿ ಬೆಟ್ಟ ಇಳಿದಳು. ತಿರುವಿನಲ್ಲಿ ಹೊರಳಿ ನೋಡಿದರೆ, ಅಜ್ಜಯ್ಯನವರು ಪೂಜೆಗೂ ಕೂರದೆ, ಪೊದೆಯತ್ತ ಕಿವಿಗೊಟ್ಟು ಒಬ್ಬರೇ ಕೂತಿದ್ದರು.

"ಈಗ ನೆನಪಾಯ್ತೇನು, ಮಹಾತಾಯಿ?" ಎಂದಳು ಬೀಗಿತ್ತಿ, ತನ್ನ ಮನೆ ಹೊಸ್ತಿಲಲ್ಲಿ ನಿಂತವಳನ್ನು ಕಂಡು.

ಹಾಲಮ್ಮ ಕೂಸಿಗಾಗಿ ಸೆರಗೊಡ್ಡಿದಳು. ಕೂಸು ಗಂಗೆಯ ಹಾಗೆಯೇ ಹುಬ್ಬು ಗಂಟಿಕ್ಕಿ ಅವಳನ್ನು ನೋಡಿತು. ಬೆಟ್ಟದ ಮೇಲೆ ತಾನು ಕೇಳಿದ್ದ ಪ್ರಶ್ನೆಯನ್ನು ಆಕೆ ಮತ್ತೆ ಯಾರನ್ನೂ ಕೇಳಲಿಲ್ಲ.